ಹೊಂಡದ ನೀರು ಕೆಟ್ಟಿದೆ, ದೋಷ ಎಲ್ಲಿದೆ? ಕಬ್ಬಿನ ಹೊಲದಿಂದ ಹಳ್ಳದವರೆಗೆ ಹುಡುಕುವ ಕ್ರಮ

ಉತ್ತರಿ ಮಳೆಯ ದಿನಗಳು. ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ಹೊಂಡದ ಕಡೆಯಿಂದ ಅವ್ವ ಕೂಗಿದಳು: “ಮೀನೆಲ್ಲಾ ಮ್ಯಾಲ ಬಂದು ಬಾಯಿ ತೆಗ್ಯಾಕತ್ತಾವು, ಲಗೂನ ಬಾ.”

ಓಡಿ ಹೋಗಿ ನೋಡಿದೆ. ಕಾಟ್ಲಾ, ರೋಹು ಎಲ್ಲವೂ ಮೇಲೆ ಬಂದು ಗಾಳಿ ನುಂಗುತ್ತಿದ್ದವು. ನೀರು ಮೆಂತ್ಯ ಸೊಪ್ಪು ಅರೆದು ಕಲಸಿದ ಹಾಗೆ ಹಸಿರಾಗಿತ್ತು. ಅದೇ ವಾರ ಹಿತ್ತಲಿನ ಟೊಮ್ಯಾಟೊ ಸಸಿಗಳೂ ಮುರುಟಿಕೊಂಡಿದ್ದವು. ಕಾಂಡ ಹುರಿ ಹೊಸೆದ ಹಾಗೆ ತಿರುಚಿತ್ತು. ಹೊಸ ಎಲೆ ಕಿರಿದಾಗಿ ಒಳಕ್ಕೆ ಸುತ್ತಿಕೊಂಡಿತ್ತು.

ನಮ್ಮದು ಮುಧೋಳ ತಾಲೂಕು. ನಾಲ್ಕು ಎಕರೆ ಎರಿ (ಕಪ್ಪು ಮಣ್ಣಿನ) ಹೊಲ, ಅದರಲ್ಲಿ ಕಬ್ಬು. ಹೊಲದ ಕೆಳಗೆ ಕೃಷಿ ಹೊಂಡ, ಅದರ ಕೆಳಗೆ ಹಳ್ಳ. ಆ ಹಳ್ಳ ಘಟಪ್ರಭೆಗೆ ಸೇರುತ್ತದೆ. ಘಟಪ್ರಭೆ ಮುಂದೆ ಚಿಕ್ಕಸಂಗಮದಲ್ಲಿ ಕೃಷ್ಣೆಗೆ, ಆಲಮಟ್ಟಿ ಹಿನ್ನೀರಿಗೆ. ಅಂದರೆ ನಮ್ಮ ಹೊಲದ ತುದಿಯಿಂದ ಜಾರಿದ್ದು ಯಾರದೋ ಕುಡಿಯುವ ನೀರಿನ ದಾರಿಯಲ್ಲೇ ಹೋಗುತ್ತದೆ. ಆ ವರ್ಷ ಎಡವುತ್ತಾ, ತಪ್ಪು ಊಹೆ ಮಾಡುತ್ತಾ ದೋಷ ಹುಡುಕಿದೆವು. ಯಾವುದನ್ನು ಮೊದಲು ನೋಡಬೇಕಿತ್ತು ಅಂತ ಈಗ ಗೊತ್ತಾಗಿದೆ. ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಲಕ್ಷ ಲೀಟರ್ ಲೆಕ್ಕ

ಒಂದು ಎಕರೆ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ಈ ಅಂಕಿ ತಲೆಯಲ್ಲಿ ಇಟ್ಟುಕೊಳ್ಳಿ. ಇಷ್ಟು ನೀರು ಕೆಡಬೇಕಾದರೆ ಏನೆಷ್ಟು ಬೇಕು?

ಅಗಲ ಎಲೆಯ ಕಳೆ ಸಾಯಿಸುವ 2,4-ಡಿ ಅಮೈನ್ ಸಾಲ್ಟ್, 58 ಪರ್ಸೆಂಟಿನದು, ಒಂದು ಚಹಾ ಚಮಚ ಸಾಕು. ನಮ್ಮ ಕುಡಿಯುವ ನೀರಿನ ಮಾನಕದಲ್ಲಿ 2,4-ಡಿಗೆ ಲೀಟರಿಗೆ 30 ಮೈಕ್ರೋಗ್ರಾಂ ಮಿತಿ ಇದೆ. ಐದು ಎಂಎಲ್ ಎಣ್ಣೆ (ಸಿಂಪಡಿಸುವ ಮದ್ದಿಗೆ ನಾವು ಹೀಗೇ ಅನ್ನುತ್ತೇವೆ) ಒಂದು ಲಕ್ಷ ಲೀಟರಿನಲ್ಲಿ ಬೆರೆತರೆ ಹತ್ತಿರ ಹತ್ತಿರ ಅಷ್ಟೇ ಆಗುತ್ತದೆ.

ಯೂರಿಯಾ ಎರಡು ಕಿಲೋಗಿಂತ ಸ್ವಲ್ಪ ಜಾಸ್ತಿ. ಯೂರಿಯಾದಲ್ಲಿ 46 ಪರ್ಸೆಂಟ್ ಸಾರಜನಕ. ಒಂದು ಕಿಲೋ ಸಾರಜನಕ ಪೂರ್ತಿ ನೈಟ್ರೇಟ್ ಆದರೆ ಅದು ನಾಲ್ಕೂವರೆ ಕಿಲೋದ ಹತ್ತಿರ. ಕುಡಿಯುವ ನೀರಿನಲ್ಲಿ ನೈಟ್ರೇಟಿಗೆ ಇರುವ ಲೀಟರಿಗೆ 45 ಮಿ.ಗ್ರಾಂ ಎಂಬ ಮಿತಿಗೆ ಒಂದು ಲಕ್ಷ ಲೀಟರನ್ನು ತಂದು ನಿಲ್ಲಿಸಲು ಅಷ್ಟು ಸಾಕು. ಒಂದು ಚೀಲದಲ್ಲಿ 45 ಕಿಲೋ ಇರುತ್ತದೆ, ನೆನಪಿರಲಿ.

ಡಿಎಪಿ ಗೊಬ್ಬರ ಅಂತೂ ಒಂದು ಮುಷ್ಟಿ. ಐವತ್ತು ಗ್ರಾಂ ಡಿಎಪಿಯಲ್ಲಿ ಹತ್ತು ಗ್ರಾಂ ರಂಜಕ. ಒಂದು ಲಕ್ಷ ಲೀಟರಿಗೆ ಅದು ಲೀಟರಿಗೆ 0.1 ಮಿ.ಗ್ರಾಂ ಆಯಿತು. ನಿಂತ ನೀರಿನಲ್ಲಿ ಪಾಚಿ ಉಕ್ಕಲು ಇದು ಬೇಕಾದಷ್ಟು.

ಕಬ್ಬು, ಗೋವಿನಜೋಳಕ್ಕೆ ಹೊಡೆಯುವ ಕಳೆನಾಶಕ ಅಟ್ರಾಜಿನ್ 50 ಪರ್ಸೆಂಟ್ ಪುಡಿ ಎಕರೆಗೆ ಒಂದು ಕಿಲೋ ಹಾಕಿದಿರಿ ಅಂದುಕೊಳ್ಳಿ. ಅದರಲ್ಲಿ ಅಸಲು ಮದ್ದು 500 ಗ್ರಾಂ. ನೂರಕ್ಕೆ ಒಂದು ಪಾಲು ಮಾತ್ರ ತೊಳೆದು ಹೋಯಿತು ಅಂದರೂ ಐದು ಗ್ರಾಂ. ಒಂದು ಲಕ್ಷ ಲೀಟರಿನಲ್ಲಿ ಅದು ಲೀಟರಿಗೆ 50 ಮೈಕ್ರೋಗ್ರಾಂ. ಕುಡಿಯುವ ನೀರಿಗೆ ಮಿತಿ 2. ಅಂದರೆ 25 ಪಟ್ಟು.

ಈ ಲೆಕ್ಕ ಮೊದಲೇ ಹೇಳಲು ಕಾರಣ ಇದೆ. “ಇಷ್ಟ ಹಾಕಿದ್ದಕ್ಕ ಏನಾಕ್ಕೈತಿ” ಅಂತ ನಾವು ನಮ್ಮ ಹೊಲವನ್ನು ಪಟ್ಟಿಯಿಂದ ಬಿಟ್ಟುಬಿಡುತ್ತೇವೆ. ನಾನೂ ಬಿಟ್ಟಿದ್ದೆ. ಹುಡುಕುವುದು ಅಲ್ಲೇ ದಾರಿ ತಪ್ಪಿತು.

ಲಕ್ಷಣ ಸರಿಯಾಗಿ ಗುರುತಿಸಿ

ಎಲ್ಲಕ್ಕೂ “ನೀರು ಕೆಟ್ಟಿದೆ” ಅಂತ ಒಂದೇ ಮಾತು ಹೇಳಬೇಡಿ. ಗೊಬ್ಬರ ಮಾಡುವ ಕೆಡುಕು ಬೇರೆ, ಕಳೆನಾಶಕ ಮಾಡುವ ಕೆಡುಕು ಬೇರೆ. ಒಂದೊಂದು ಸಲ ಎರಡೂ ಒಟ್ಟಿಗೆ ಬಂದು ತಲೆ ಕೆಡಿಸುತ್ತವೆ.

ನೀರು ಹಸಿರಾಗಿ ದಪ್ಪಗಾದರೆ ಗೊಬ್ಬರದ ಕಡೆ ನೋಡಿ. ಅದರಲ್ಲೂ ರಂಜಕದ ಕಡೆ. ಹಗಲು ಬಿಸಿಲಿದ್ದಾಗ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಆಮ್ಲಜನಕ ತಿನ್ನುತ್ತದೆ. ಹಾಗಾಗಿ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವುದು ಸೂರ್ಯ ಹುಟ್ಟುವ ಹೊತ್ತಿಗೆ. ಎರಡು ದಿನ ಮೋಡ ಮುಚ್ಚಿದರೆ ಹಗಲಿನ ಗಳಿಕೆಯೂ ನಿಲ್ಲುತ್ತದೆ. ಮೂರನೇ ನಸುಕಿಗೆ ಮೀನು ಮೇಲೆ ಬರುತ್ತವೆ.

ಮೀನು ಯಾವ ಹೊತ್ತಿಗೆ ಒದ್ದಾಡುತ್ತವೆ ಅನ್ನುವುದೇ ದೊಡ್ಡ ಸುಳಿವು. ನಸುಕಿನಲ್ಲಿ ಮೇಲೆ ಬಂದು, ಬಿಸಿಲು ಏರಿದ ಮೇಲೆ ಸುಧಾರಿಸಿಕೊಂಡರೆ ಆಮ್ಲಜನಕದ ಕೊರತೆ. ಮಧ್ಯಾಹ್ನ, ಸಂಜೆ ಒದ್ದಾಡಿದರೆ ಅಮೋನಿಯಾ ಅಂತ ಅನುಮಾನ ಪಡಿ. ಯೂರಿಯಾ ನೀರಿಗೆ ಬಂದರೆ ಅಮೋನಿಯಂ ಆಗುತ್ತದೆ. ಹಸಿರು ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಮಧ್ಯಾಹ್ನಕ್ಕೆ 9ರ ಮೇಲೆ ಏರಬಹುದು. ಪಿಎಚ್ 7 ಇದ್ದಾಗ ನೂರಕ್ಕೆ ಒಂದು ಪಾಲೂ ಇಲ್ಲದ ವಿಷದ ಅಮೋನಿಯಾ, 25 ಡಿಗ್ರಿ ಬಿಸಿಯಲ್ಲಿ ಪಿಎಚ್ 9 ಆದಾಗ ಮೂರನೇ ಒಂದು ಭಾಗಕ್ಕಿಂತ ಜಾಸ್ತಿಯಾಗುತ್ತದೆ. ಅದೇ ನೀರು, ಅದೇ ಗೊಬ್ಬರ, ಹೊತ್ತು ಮಾತ್ರ ಬೇರೆ.

ಇದಕ್ಕೆ ಉಲ್ಟಾ ಇನ್ನೊಂದು ಲಕ್ಷಣ ಇದೆ. ನೀರು ತಿಳಿಯಾಗೇ ಇದೆ, ಆದರೆ ನೀರೊಳಗಿನ ಗಿಡ, ಜೊಂಡು ಹಳದಿಯಾಗಿ ಕೊಳೆಯುತ್ತಿದೆ. ಅಲ್ಲಿ ಕಳೆನಾಶಕ ಬಂದಿರಬಹುದು. ಅಟ್ರಾಜಿನ್ ಗಿಡದ ಬೆಳಕಿನ ಅಡುಗೆಯನ್ನೇ ನಿಲ್ಲಿಸುತ್ತದೆ, ಅದಕ್ಕೆ ಹೊಲದ ಕಸವೂ (ಕಳೆ) ಒಂದೇ, ನೀರಿನ ಗಿಡವೂ ಒಂದೇ. ಸತ್ತ ಗಿಡ ಕೊಳೆಯುವಾಗ ಆಮ್ಲಜನಕ ಖರ್ಚಾಗುತ್ತದೆ. ಮೀನು ಸಾಯುವುದು ಅದರ ಮುಂದಿನ ಹಂತದಲ್ಲಿ.

ಮೂರನೆಯದು, ಆ ನೀರು ಹಾಯಿಸಿದ ಬೆಳೆ ಮುರುಟುವುದು. ಟೊಮ್ಯಾಟೊ, ಹತ್ತಿ, ದ್ರಾಕ್ಷಿ ಇವು 2,4-ಡಿಗೆ ಬಹಳ ನಾಜೂಕು. ಇಲ್ಲಿ ಮೂರು ಗೊಂದಲ ಬರುತ್ತವೆ. ಬಿಳಿನೊಣ ತರುವ ಎಲೆ ಮುದುಡು ರೋಗವೂ ಹೀಗೇ ಕಾಣುತ್ತದೆ, ಆದರೆ ಅದು ಮೊದಲು ಅಲ್ಲೊಂದು ಇಲ್ಲೊಂದು ಗಿಡಕ್ಕೆ ಬರುತ್ತದೆ. ಪಕ್ಕದ ಹೊಲದಲ್ಲಿ ಎಣ್ಣೆ ಹೊಡೆದಾಗ ಗಾಳಿಗೆ ಹಾರಿ ಬಂದಿದ್ದರೆ ಗಾಳಿ ಬಂದ ದಿಕ್ಕಿನ ಅಂಚಿನಲ್ಲಿ ಜಾಸ್ತಿ, ಒಳಕ್ಕೆ ಹೋದಂತೆ ಕಡಿಮೆ. ನೀರಿನಿಂದ ಬಂದಿದ್ದರೆ ನೀರು ಹಾಯಿಸಿದ ಸಾಲುಗಳೆಲ್ಲ ಒಂದೇ ಥರ, ಹಾಯಿಸದ ಸಾಲು ಚೆನ್ನಾಗಿರುತ್ತದೆ. ಸಾಲು ಹಿಡಿದು ನಡೆದು ನೋಡಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ನಮ್ಮ ಕಡೆ ಸವಳು ಇನ್ನೊಂದು ವೇಷ ಹಾಕುತ್ತದೆ. ಎಲೆಯ ಅಂಚು ಸುಟ್ಟ ಹಾಗೆ ಒಣಗಿ, ಮಣ್ಣಿನ ಮೇಲೆ ಬಿಳಿ ಪುಡಿ ಕಂಡರೆ ಅದು ಉಪ್ಪಿನ ತೊಂದರೆ. ಕಳೆನಾಶಕದ ಮೇಲೆ ಹಾಕಬೇಡಿ. ಮಳೆಯೇ ಇಲ್ಲದ ಬೇಸಿಗೆಯಲ್ಲೂ ನೀರು ಹಸಿರಾಗಿ ವಾಸನೆ ಬರುತ್ತಿದ್ದರೆ ಊರ ಗಟಾರದ ನೀರು ಸೇರುತ್ತಿದೆಯೇ ನೋಡಿ. ಹೊಲದಿಂದ ಬರುವ ಕೆಡುಕು ಮಳೆಯ ಹಿಂದೆಯೋ, ನೀರು ಬಿಟ್ಟ ದಿನದ ಹಿಂದೆಯೋ ಬರುತ್ತದೆ.

ನಾಲ್ಕನೆಯದು ಕಣ್ಣಿಗೆ ಕಾಣುವುದೇ ಇಲ್ಲ. ಬಾವಿ, ಬೋರಿನ ನೀರಿನಲ್ಲಿ ನೈಟ್ರೇಟ್. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಬದಲಾಗುವುದಿಲ್ಲ. ಆರು ತಿಂಗಳ ಒಳಗಿನ ಬಾಟಲಿ ಹಾಲಿನ ಕೂಸಿಗೆ ಇದು ಅಪಾಯ, ರಕ್ತ ಆಮ್ಲಜನಕ ಒಯ್ಯುವುದನ್ನೇ ತಡೆಯುತ್ತದೆ. ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ನೈಟ್ರೇಟ್ ಇನ್ನೂ ಗಟ್ಟಿಯಾಗುತ್ತದೆ. ಮನೆಯಲ್ಲಿ ಕೂಸು ಇದ್ದರೆ ಉಳಿದದ್ದೆಲ್ಲ ಆಮೇಲೆ, ಮೊದಲು ಈ ಪರೀಕ್ಷೆ ಮಾಡಿಸಿ.

ನೀರಿಗಿಂತ ಮೊದಲು ತಾರೀಖು ನೋಡಿ

ನನಗೆ ಈ ಹುಡುಕಾಟದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದೇ. ಎಣ್ಣೆ ಹೊಡೆದ ಅಥವಾ ಗೊಬ್ಬರ ಹಾಕಿದ ದಿನಕ್ಕೂ, ಹೊಲದಿಂದ ಮೊದಲ ಸಲ ನೀರು ಹೊರಗೆ ಹರಿದ ದಿನಕ್ಕೂ ನಡುವೆ ಎಷ್ಟು ದಿನ? ಯಾವ ಕಂಪನಿಯ ಎಣ್ಣೆ, ಎಷ್ಟು ದುಬಾರಿ, ಇವೆಲ್ಲ ಆಮೇಲಿನ ಮಾತು.

ಹೊಡೆದ ಮೇಲೆ ಬರುವ ಮೊದಲ ದೊಡ್ಡ ಹರಿವು ಅತಿ ಜಾಸ್ತಿ ಹೊತ್ತೊಯ್ಯುತ್ತದೆ. ದಿನ ಕಳೆದಂತೆ ಮದ್ದು ಮಣ್ಣಿಗೆ ಅಂಟುತ್ತದೆ, ಸೂಕ್ಷ್ಮಜೀವಿ ತಿಂದು ಕರಗಿಸುತ್ತದೆ. 2,4-ಡಿ ಮಣ್ಣಿನಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಹತ್ತು ದಿನ ಸಾಕು. ಅಟ್ರಾಜಿನ್‌ಗೆ ಎರಡು ತಿಂಗಳ ಹತ್ತಿರ ಬೇಕಾಗಬಹುದು. ಹಾಗಾಗಿ ಮೃಗಶಿರಾ ಮಳೆಗೆ ಹಾಕಿದ ಅಟ್ರಾಜಿನ್ ಶ್ರಾವಣದಲ್ಲೂ ಹಳ್ಳಕ್ಕೆ ಇಳಿಯಬಲ್ಲದು.

ಒಂದೊಂದು ವಸ್ತು ಒಂದೊಂದು ಥರ ಪಯಣ ಮಾಡುತ್ತದೆ. ನೈಟ್ರೇಟ್ ನೀರಿನಲ್ಲಿ ಕರಗಿ ಹೋಗುತ್ತದೆ. ಎರಿ ಮಣ್ಣಿನ ಜಿಗುಟು ಕಣಕ್ಕೆ ಅದು ಅಂಟುವುದಿಲ್ಲ, ಕೆಳಗಿಳಿದು ಬಸಿಗಾಲುವೆ ಹಿಡಿಯುತ್ತದೆ. ಅಟ್ರಾಜಿನ್, 2,4-ಡಿ ಕೂಡ ಹೆಚ್ಚಾಗಿ ನೀರಿನ ಜೊತೆಗೇ ಓಡುತ್ತವೆ. ರಂಜಕ, ಗ್ಲೈಫೋಸೇಟ್ ಎಂಬ ಕಳೆನಾಶಕ ಮಣ್ಣಿಗೆ ಗಟ್ಟಿ ಅಂಟುತ್ತವೆ, ಮಣ್ಣು ಕೊಚ್ಚಿ ಹೋದರೆ ಅದರ ಜೊತೆ ಹೋಗುತ್ತವೆ. ಕೆಂಪು ಕದಡು ನೀರು ಬಂದಿತ್ತೋ, ತಿಳಿ ನೀರು ಬಂದಿತ್ತೋ ಅಂತ ನೆನಪು ಮಾಡಿಕೊಳ್ಳಿ.

ಎರಿ ಹೊಲದ ಸ್ವಭಾವವೂ ಲೆಕ್ಕಕ್ಕೆ ಬರಲಿ. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಟ್ಟಿರುತ್ತದೆ. ಮೊದಲ ಮಳೆ ಬಿರುಕಿನಲ್ಲೇ ಇಳಿದುಹೋಗುತ್ತದೆ. ಆಮೇಲೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಬಿದ್ದ ಮಳೆ ಮೇಲೆಯೇ ಹರಿಯುತ್ತದೆ. ನಮ್ಮಲ್ಲಿ ಸೆಪ್ಟೆಂಬರಿನಲ್ಲಿ ಮಳೆ ಜೋರು, ಆ ಹೊತ್ತಿಗೆ ಎರಿ ಹೊಲ ತುಂಬಿ ನಿಂತಿರುತ್ತದೆ. ಆಗ ಮೇಲೆ ಎರಚಿದ ಗೊಬ್ಬರಕ್ಕೆ ಹೋಗಲು ಒಂದೇ ದಾರಿ, ಹಳ್ಳ.

ಇನ್ನೊಂದು ಮಾತು, ಇಲ್ಲಿ ನಾನೇ ಮೋಸ ಹೋದೆ. ಹಸಿರು ನೀರಿನ ಕಾರಣ ಆ ವಾರದ್ದಾಗಿರುವುದಿಲ್ಲ. ರಂಜಕ ಬಂದ ಮೇಲೆ ಪಾಚಿ ಬೆಳೆಯಲು ಒಂದೆರಡು ವಾರ ಬಿಸಿಲು ಬೇಕು. ಮೀನು ಬಾಯಿ ತೆರೆದ ದಿನದಿಂದ ಹಿಂದಕ್ಕೆ ಕನಿಷ್ಠ ಎರಡು ವಾರ ಎಣಿಸಿ.

ನೀರಿನ ದಾರಿ ಹಿಡಿದು ಮೇಲಕ್ಕೆ ನಡೆಯಿರಿ

ಇದನ್ನು ಮಳೆ ಬೀಳುವಾಗಲೇ ಮಾಡಬೇಕು. ನಿಂತ ಮೇಲೆ ಹೋದರೆ ಎಲ್ಲ ಗುರುತು ಅಳಿಸಿರುತ್ತದೆ. ತಲೆ ಮೇಲೆ ಚೀಲ ಹೊದ್ದು ಹೊಂಡದ ಬಾಯಿಯಿಂದ ಮೇಲಕ್ಕೆ ಹತ್ತಿ. ಗುಡುಗು ಸಿಡಿಲು ಇದ್ದರೆ ಮಾತ್ರ ಬೇಡ, ನಿಂತ ಕೂಡಲೇ ಹೋಗಿ.

ಪ್ರತಿ ಕೂಡು ಜಾಗದಲ್ಲೂ ನಿಲ್ಲಿ. ಎಡದಿಂದ ಬರುವ ನೀರಿನದೊಂದು, ಬಲದಿಂದ ಬರುವುದರದೊಂದು, ಕೂಡಿದ ಮೇಲಿನದೊಂದು ಬಾಟಲಿ ತುಂಬಿ. ಬಾಟಲಿ ಮೇಲೆ ಜಾಗ, ತಾರೀಖು, ಗಂಟೆ ಬರೆಯಿರಿ. ಒಂದು ತಾಸು ಇಟ್ಟರೆ ಯಾವ ಬಾಟಲಿಯ ತಳದಲ್ಲಿ ಮಣ್ಣು ಜಾಸ್ತಿ ಅಂತ ಬರಿಗಣ್ಣಿಗೇ ಕಾಣುತ್ತದೆ. ಮಣ್ಣು ಬಂದ ದಾರಿಯೇ ರಂಜಕ ಬಂದ ದಾರಿ.

ನೋಡಬೇಕಾದ ಜಾಗಗಳು: ಒಡ್ಡು ಒಡೆದಲ್ಲಿ, ಟ್ರ್ಯಾಕ್ಟರ್ ಹೊರಳುವ ತುದಿಯಲ್ಲಿ, ಎತ್ತಿನ ಗಾಡಿ ಇಳಿದು ಬದು ತಗ್ಗಾದಲ್ಲಿ, ಕಬ್ಬಿನ ಸಾಲುಗಳು ಇಳಿಜಾರಿನ ಕಡೆ ಮುಖ ಮಾಡಿ ನೇರ ಹಳ್ಳಕ್ಕೆ ಬಾಯಿ ಬಿಟ್ಟಲ್ಲಿ. ಬಸಿಗಾಲುವೆ ಇದ್ದರೆ ಮಳೆ ಇಲ್ಲದ ದಿನವೂ ಅದರ ಬಾಯಿಯ ನೀರು ಹಿಡಿಯಿರಿ. ಮಳೆ ಇಲ್ಲದೆಯೂ ಅಲ್ಲಿ ನೈಟ್ರೇಟ್ ಜಾಸ್ತಿ ಇದ್ದರೆ ತಪ್ಪು ಮೇಲಿನ ಹರಿವಿನದಲ್ಲ, ನೀರು ಮತ್ತು ಯೂರಿಯಾ ಎರಡನ್ನೂ ಅತಿಯಾಗಿ ಕೊಟ್ಟಿದ್ದರದು.

ಕೊನೆಗೆ ಎಣ್ಣೆ ಹೊಡೆಯುವ ಪಂಪು ತುಂಬಿಸುವ ಜಾಗ. ದಯವಿಟ್ಟು ಇದನ್ನು ಬಿಡಬೇಡಿ. ಎಣ್ಣೆ ಎಲ್ಲಿ ಕಲಸುತ್ತೀರಿ? ಪಂಪು ಎಲ್ಲಿ ತೊಳೆಯುತ್ತೀರಿ? ಖಾಲಿ ಬಾಟಲಿ ಎಲ್ಲಿ ಬಿಸಾಡುತ್ತೀರಿ? ನೀರು ಹತ್ತಿರ ಇದ್ದಲ್ಲೇ ಕಲಸುವುದು ಎಲ್ಲರ ರೂಢಿ. ಒಂದು ಚಮಚದ ಲೆಕ್ಕ ನೆನಪಿದೆ ಅಲ್ವಾ? ಇಡೀ ಹೊಲದಿಂದ ತೊಳೆದು ಬರುವುದಕ್ಕಿಂತ ಜಾಸ್ತಿ ಮದ್ದು ಆ ಒಂದು ಜಾಗದಿಂದ ಬರಬಹುದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಗಾಜಿನ ಬಾಟಲಿ ಪರೀಕ್ಷೆ: ಕೈಗೆ ಗ್ಲೌಸ್ ಹಾಕಿಕೊಂಡು ಹಸಿರು ನೀರನ್ನು ಮುಕ್ಕಾಲು ಬಾಟಲಿ ತುಂಬಿ. ಮುಚ್ಚಳ ಸಡಿಲ ಇರಲಿ. ಅಲುಗಾಡಿಸದೆ ಒಂದು ರಾತ್ರಿ ಫ್ರಿಜ್ಜಿನಲ್ಲಿ, ತಿನ್ನುವ ಸಾಮಾನಿನಿಂದ ದೂರ ಇಡಿ. ಹಸಿರು ತಳಕ್ಕೆ ಕೂತರೆ ಸಾಮಾನ್ಯ ಪಾಚಿ. ಮೇಲೆ ಉಂಗುರದ ಹಾಗೆ ಕಟ್ಟಿ ನಿಂತರೆ ಅದು ನೀಲಿ-ಹಸಿರು ಪಾಚಿ ಇರುವ ಸಂಭವ ಜಾಸ್ತಿ. ಅದರಲ್ಲಿ ಕೆಲವು ಜಾತಿ ವಿಷ ಬಿಡುತ್ತವೆ. ಎಮ್ಮೆ, ಆಕಳು, ನಾಯಿ ಯಾವುದನ್ನೂ ಆ ನೀರಿಗೆ ಬಿಡಬೇಡಿ. ಹೊಂಡದ ದಂಡೆಯಲ್ಲಿ ಹಸಿರು ಬಣ್ಣ ಚೆಲ್ಲಿದ ಹಾಗೆ ಕೆನೆ ಕಂಡರೆ ಪರೀಕ್ಷೆಗೂ ಕಾಯದೆ ದನ ಕಟ್ಟಿಹಾಕಿ. ಕಡ್ಡಿಯಿಂದ ಎತ್ತಿದರೆ ಕೂದಲಿನ ಎಳೆಯ ಹಾಗೆ ಜೋತು ಬಂದರೆ ಅದು ಎಳೆ ಪಾಚಿ, ಅಷ್ಟು ಹೆದರಬೇಕಿಲ್ಲ.

ಬೀಜದ ಪರೀಕ್ಷೆ: ಎರಡು ಕುಂಡ, ಒಂದೇ ಮಣ್ಣು. ಎರಡರಲ್ಲೂ ಸೌತೆ, ಟೊಮ್ಯಾಟೊ, ಹೆಸರು ಬೀಜ ಹಾಕಿ. ಒಂದಕ್ಕೆ ಅನುಮಾನದ ನೀರು, ಇನ್ನೊಂದಕ್ಕೆ ಖಾತ್ರಿ ಇರುವ ಒಳ್ಳೆ ನೀರು. ಮೂರು ವಾರ ನೋಡಿ. ಅನುಮಾನದ ಕುಂಡದಲ್ಲಿ ಕಾಂಡ ಸೊಟ್ಟಾಗಿ ಎಲೆ ಸುತ್ತಿಕೊಂಡರೆ 2,4-ಡಿ ಜಾತಿಯದು. ಸಸಿ ಚೆನ್ನಾಗಿ ಹುಟ್ಟಿ, ಎರಡು ವಾರದ ಮೇಲೆ ಹಳೆ ಎಲೆಯ ಅಂಚಿನಿಂದ ಹಳದಿಯಾಗಿ ಸುಡುತ್ತಾ ಬಂದರೆ ಅಟ್ರಾಜಿನ್ ಥರದ್ದು. ಬೀಜದೊಳಗಿನ ಬುತ್ತಿ ಮುಗಿಯುವವರೆಗೆ ಸಸಿಗೆ ತೊಂದರೆ ಗೊತ್ತಾಗುವುದಿಲ್ಲ, ಅದಕ್ಕೇ ಮೂರು ವಾರ. ಎರಡೂ ಕುಂಡ ಚೆನ್ನಾಗಿದ್ದರೆ ನೀರು ಶುದ್ಧ ಅಂತ ಅರ್ಥ ಅಲ್ಲ. ಸಸಿಯನ್ನು ಕೆಡಿಸುವಷ್ಟು ಇಲ್ಲ ಅಂತ ಮಾತ್ರ. ಕುಡಿಯುವ ನೀರಿನ ಮಿತಿ ಅದಕ್ಕಿಂತ ಎಷ್ಟೋ ಕೆಳಗಿದೆ.

ನೈಟ್ರೇಟಿಗೆ ಪಂಚಾಯಿತಿಯಲ್ಲಿ ಜಲಜೀವನ ಮಿಷನ್ನಿನ ನೀರು ಪರೀಕ್ಷಾ ಕಿಟ್ ಇರುತ್ತದೆ. ಕೇಳಿ, ಮಾಡಿಸಿ.

ನಮ್ಮಲ್ಲಿ ಸಿಕ್ಕಿದ್ದು

ಮೊದಲು ನಾನು ಮೇಲಿನ ಹೊಲದ ಕಾಕಾನ ಮೇಲೆ ಹೋದೆ. ಅವರು ಆ ವಾರವೇ ಎಣ್ಣೆ ಹೊಡೆಸಿದ್ದರು. ಮಾತಿಗೆ ಮಾತು ಬೆಳೆಯಿತು. ಆಮೇಲೆ ಅವ್ವ ಒಂದು ಮಾತು ಕೇಳಿದಳು: “ಎಣ್ಣಿ ಬಂದಿದ್ರ ಹೊಂಡದ ದಂಡಿ ಕಸಾ ಯಾಕ ಸತ್ತಿಲ್ಲ?” ನೋಡಿದೆ. ಹೊಂಡದ ದಂಡೆಯ ಹೊನಗೊನೆ ಸೊಪ್ಪು ಹಚ್ಚಗೆ ನಿಂತಿತ್ತು. ಅಗಲ ಎಲೆಯ ಗಿಡ ಅದು, 2,4-ಡಿ ಬಂದಿದ್ದರೆ ಮೊದಲು ಅದೇ ತಿರುಚಬೇಕಿತ್ತು.

ಹಾಗಾದರೆ ಟೊಮ್ಯಾಟೊ ಮುರುಟಿದ್ದು ಹೇಗೆ? ಅವ್ವ ಸಸಿಗೆ ಹೊಂಡದ ನೀರು ಹಾಕುತ್ತಿರಲಿಲ್ಲ. ಹೊಂಡಕ್ಕೆ ಹಾಸಿದ ತಾಡಪತ್ರಿ ಜಾರುತ್ತದೆ ಅಂತ ಭಯ. ಹೊಂಡದ ಬಾಯಿಯಲ್ಲಿ ಹೂಳು ತಡೆಯಲು ತೋಡಿದ ಸಣ್ಣ ಗುಂಡಿಯಿಂದ ಕೊಡದಲ್ಲಿ ತುಂಬಿ ಒಯ್ಯುತ್ತಿದ್ದಳು. ಸಾವಿರ ಲೀಟರೂ ಹಿಡಿಯದ ಗುಂಡಿ ಅದು. ಅದರ ದಂಡೆಯ ಕಲ್ಲಿನ ಮೇಲೆಯೇ ನಾವು ಪಂಪು ತೊಳೆಯುತ್ತಿದ್ದೆವು. ಹತ್ತು ದಿನದ ಹಿಂದೆ ಕಬ್ಬಿನ ಅಗಲ ಎಲೆ ಕಸಕ್ಕೆ 2,4-ಡಿ ಹೊಡೆದು, ತಳದಲ್ಲಿ ಉಳಿದಿದ್ದನ್ನು ಅಲ್ಲೇ ಚೆಲ್ಲಿದ್ದೆ. ಕಲ್ಲಿನ ಸುತ್ತ ಒಂದು ಮಾರು ಜಾಗದಲ್ಲಿ ಅಗಲ ಎಲೆಯ ಒಂದು ಗಿಡವೂ ಇರಲಿಲ್ಲ, ಕರಕಿ ಮಾತ್ರ ಹಸಿರಾಗಿತ್ತು. 2,4-ಡಿ ಹುಲ್ಲಿನ ಜಾತಿಯನ್ನು ಬಿಟ್ಟು ಅಗಲ ಎಲೆಯನ್ನೇ ಹಿಡಿಯುತ್ತದೆ. ಉತ್ತರ ದಿನಾ ನನ್ನ ಕಾಲ ಕೆಳಗೇ ಇತ್ತು.

ಹಸಿರು ನೀರಿನ ಕಥೆ ಬೇರೆ. ಡೈರಿ ತೆಗೆದೆ. ಹುಬ್ಬಿ ಮಳೆಯ ಹೊತ್ತಿಗೆ, ಮೀನು ಒದ್ದಾಡುವುದಕ್ಕೆ 17 ದಿನ ಮೊದಲು, ಡಿಎಪಿ ಮತ್ತು ಯೂರಿಯಾ ಸಾಲಿನ ಮೇಲೆ ಎರಚಿದ್ದೆವು. ಆಳು ಸಿಗಲಿಲ್ಲ, ಬೋದು ಏರಿಸಿ ಮುಚ್ಚಲಿಲ್ಲ. ಎರಡನೇ ದಿನ ಸಂಜೆ ಮಳೆ ಹೊಡೆಯಿತು. ಮುಂದಿನ ಮಳೆಯಲ್ಲಿ ಮೇಲಕ್ಕೆ ನಡೆದು ನೋಡಿದಾಗ ಟ್ರ್ಯಾಕ್ಟರ್ ಹೊರಳುವ ಮೂಲೆಯಲ್ಲಿ ಬದು ಕುಸಿದಿತ್ತು. ಏಳೆಂಟು ಸಾಲಿನ ನೀರು ಅಲ್ಲಿ ಕೂಡಿ ಹೊಂಡಕ್ಕೆ ಧುಮುಕುತ್ತಿತ್ತು. ಕೊನೆಯ ಸಾಲಿನ ಕೆಸರಿನಲ್ಲಿ ಬೆರಳಾಡಿಸಿದೆ. ಕರಗದೆ ಉಳಿದ ಡಿಎಪಿ ಕಾಳು ಇನ್ನೂ ಸಿಕ್ಕವು, ಸಾಸಿವೆಗಿಂತ ದಪ್ಪ, ಮಣ್ಣು ಮೆತ್ತಿಕೊಂಡು.

ಆ ಸಂಜೆಯೇ ಕಾಕಾನ ಮನೆಗೆ ಹೋದೆ. “ಕಾಕಾ, ತಪ್ಪು ನಮ್ಮ ಹೊಲದ್ದ ಐತ್ರಿ. ನಿಮಗ ಸುಮ್ನ ಅಂದೆ.” ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆತು ಬಿಡಪಾ. ನಂದೂ ಆ ಮೂಲಿ ಒಡ್ಡು ಒಡದೈತಿ, ಮುಂಜಾನೆ ಬಾ, ಕೂಡಿ ಹಾಕೂಣು” ಅಂದರು.

ತಕ್ಷಣ ಮಾಡಬೇಕಾದದ್ದು

ಮೀನು ಮೇಲೆ ಬಂದಿದ್ದರೆ ಮೇವು ನಿಲ್ಲಿಸಿ. ಮೋಟಾರಿನಿಂದ ಅದೇ ನೀರನ್ನು ಎತ್ತಿ ಎತ್ತರದಿಂದ ಚಿಮ್ಮಿಸಿ ಹೊಂಡಕ್ಕೇ ಬಿಡಿ. ಮಧ್ಯರಾತ್ರಿ ಕಳೆದ ಮೇಲಿಂದ ಬಿಸಿಲು ಏರುವವರೆಗೆ ನಡೆಸಿ, ಆ ಹೊತ್ತೇ ಮುಖ್ಯ. ನಾವು ನಾಲ್ಕು ರಾತ್ರಿ ಹೀಗೆ ಮಾಡಿದೆವು, ಬಹಳಷ್ಟು ಮೀನು ಉಳಿದವು.

ಪಾಚಿ ಕೊಲ್ಲಲು ಮೈಲುತುತ್ತ ಸುರಿಯಬೇಡಿ. ಒಂದೇ ಸಲ ಸತ್ತ ಪಾಚಿ ಕೊಳೆತು ಉಳಿದ ಆಮ್ಲಜನಕವನ್ನೂ ತಿಂದುಹಾಕುತ್ತದೆ. ನೀಲಿ-ಹಸಿರು ಪಾಚಿಯಾದರೆ ಒಡೆದು ಒಳಗಿನ ವಿಷವನ್ನೂ ನೀರಿಗೆ ಬಿಡುತ್ತದೆ. ಹೊಂಡ ಒಡೆದು ಹಳ್ಳಕ್ಕೆ ಬಿಡುವುದೂ ಬೇಡ, ಕೆಳಗೆ ಜನ ಇದ್ದಾರೆ. ಗೊಬ್ಬರದಿಂದ ಮಾತ್ರ ಹಸಿರಾದ ನೀರಿದ್ದರೆ ಕಬ್ಬಿಗೆ ಹಾಯಿಸಿ, ಅದೂ ಗೊಬ್ಬರವೇ. ನೀಲಿ-ಹಸಿರು ಪಾಚಿ ಅಥವಾ ಕಳೆನಾಶಕದ ಅನುಮಾನವಿದ್ದರೆ ತರಕಾರಿಗೂ ಬೇಡ, ದನಕ್ಕೂ ಬೇಡ.

ಮೂಲ ದೋಷದ ರಿಪೇರಿ

ಕಲಸುವ ಜಾಗ ಮೊದಲು ಬದಲಿಸಿ, ಅದಕ್ಕೆ ರೊಕ್ಕ ಬೇಕಿಲ್ಲ. ನೀರನ್ನು ಡ್ರಮ್ಮಿನಲ್ಲಿ ಹೊಲಕ್ಕೆ ಒಯ್ದು ಅಲ್ಲೇ ಕಲಸಿ. ಬಾಟಲಿ ಮೂರು ಸಲ ಕುಲುಕಿ ಆ ನೀರನ್ನು ಪಂಪಿಗೇ ಸುರಿಯಿರಿ. ಪಂಪು ತೊಳೆದ ನೀರನ್ನು ಹೊಡೆದ ಹೊಲದ ಮೇಲೆಯೇ ಸಿಂಪಡಿಸಿ. ತಳದಲ್ಲಿ ಉಳಿಯದಂತೆ ಅಳೆದು ಕಲಸಿ.

ಮುಂದಿನ ಎರಡು ದಿನ ಜೋರು ಮಳೆ ಮುನ್ಸೂಚನೆ ಇದ್ದರೆ ಎಣ್ಣೆ, ಗೊಬ್ಬರ ಎರಡೂ ಬೇಡ. ನೀರು ಹಾಯಿಸುವಾಗಲೂ ಇದೇ ಮಾತು. ಯೂರಿಯಾ ಎರಚಿ, ಸಾಲಿನ ತುದಿ ತೆರೆದಿಟ್ಟು ರಾತ್ರಿ ಕರೆಂಟು ಬಂದಾಗ ನೀರು ಬಿಟ್ಟು ಮಲಗಿದರೆ ಅದು ಮಳೆಗಿಂತ ಕಡೆ. ಸಾಲಿನ ತುದಿಗೆ ಅಡ್ಡ ಏರಿ ಹಾಕಿ.

ಗೊಬ್ಬರವನ್ನು ಬೇರಿನ ಪಕ್ಕ ಹಾಕಿ ಮಣ್ಣು ಮುಚ್ಚಿ. ಯೂರಿಯಾ ಒಂದೇ ಸಲ ಸುರಿಯದೆ ಕಂತಿನಲ್ಲಿ ಕೊಡಿ. ಹನಿ ನೀರಾವರಿ ಇದ್ದವರು ನೀರಿನ ಜೊತೆಗೇ ಕೊಡಬಹುದು, ಮೇಲೆ ಹರಿಯುವ ಪ್ರಶ್ನೆಯೇ ಕಡಿಮೆ. ಡಿಎಪಿ ಹಾಕುವ ಮೊದಲು ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ. ವರ್ಷಾ ವರ್ಷ ಹಾಕಿದ ಹೊಲದಲ್ಲಿ ರಂಜಕ ಆಗಲೇ ಸಾಕಷ್ಟು ಇರಬಹುದು.

ರವದಿ (ಕಬ್ಬಿನ ಒಣ ಗರಿ) ಸುಡಬೇಡಿ. ಕುಳೆ ಕಬ್ಬಿನ ಸಾಲಿನ ನಡುವೆ ಹಾಸಿದರೆ ಮಳೆ ಹನಿ ನೇರ ಮಣ್ಣಿಗೆ ಬಡಿಯುವುದಿಲ್ಲ, ನೀರು ನಿಧಾನಕ್ಕೆ ಹರಿಯುತ್ತದೆ, ಕಸವೂ ಕಡಿಮೆ ಏಳುತ್ತದೆ. ಕಸ ಕಡಿಮೆಯಾದರೆ ಎಣ್ಣೆಯೂ ಕಡಿಮೆ.

ಹೊಲ ಮುಗಿದು ಹೊಂಡ ಅಥವಾ ಹಳ್ಳ ಶುರುವಾಗುವಲ್ಲಿ ಐದಾರು ಮೀಟರ್ ಹುಲ್ಲಿನ ಪಟ್ಟಿ ಬಿಡಿ. ಲಾವಂಚ, ನೇಪಿಯರ್, ಇರುವ ಕರಕಿಯಾದರೂ ಸರಿ. ಹುಲ್ಲು ಮಣ್ಣನ್ನು ಹಿಡಿಯುತ್ತದೆ, ಮಣ್ಣಿನ ಜೊತೆಗಿನ ರಂಜಕವೂ ನಿಲ್ಲುತ್ತದೆ. ಆದರೆ ನೀರು ಹುಲ್ಲಿನ ಮೇಲೆ ಹರಡಿ ಹರಿಯಬೇಕು. ಒಂದೇ ಕಡೆ ಕೊರೆದು ಹರಿದರೆ ಪಟ್ಟಿ ಇದ್ದೂ ಇಲ್ಲದ ಹಾಗೆ. ಕರಗಿದ ನೈಟ್ರೇಟನ್ನು ಹುಲ್ಲು ಅಷ್ಟಾಗಿ ತಡೆಯುವುದಿಲ್ಲ, ಅದಕ್ಕೆ ಯೂರಿಯಾ ಅಳತೆಯೇ ಮದ್ದು. ಹೂಳು ಗುಂಡಿಯ ಹೂಳನ್ನು ಪ್ರತಿ ದೊಡ್ಡ ಮಳೆಯ ನಂತರ ತೆಗೆಯಿರಿ. ಆ ಹೂಳಿನಲ್ಲಿ ನಿಮ್ಮದೇ ಗೊಬ್ಬರ ಇದೆ, ಹೊಲದ ಮೇಲ್ತುದಿಗೆ ಹಾಕಿ. ಹೊಂಡದ ತಳದ ಹೂಳನ್ನೂ ಬೇಸಿಗೆಯಲ್ಲಿ ಎತ್ತಿ. ಇಲ್ಲದಿದ್ದರೆ ತಳದಲ್ಲಿ ಆಮ್ಲಜನಕ ಇಲ್ಲದಾಗ ಅದೇ ಕೆಸರು ರಂಜಕವನ್ನು ಮತ್ತೆ ನೀರಿಗೆ ಬಿಡುತ್ತದೆ, ಹೊಸದಾಗಿ ಏನೂ ಬರದಿದ್ದರೂ ನೀರು ಹಸಿರಾಗುತ್ತದೆ.

ಇಷ್ಟಾದರೂ ಸಿಗದಿದ್ದರೆ

ಲ್ಯಾಬಿಗೆ ಕಳಿಸಬೇಕು. ನೈಟ್ರೇಟಿಗೆ ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯ ಸಾಕು. ಕಳೆನಾಶಕಕ್ಕೆ ಬೇರೆ ಯಂತ್ರ ಬೇಕು. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಉಳಿಕೆ ಪರೀಕ್ಷಿಸುವ ಪ್ರಯೋಗಾಲಯ ಇದೆ. ಮೊದಲೇ ಫೋನು ಮಾಡಿ, ಹೊಡೆದ ಎಣ್ಣೆಯ ಹೆಸರು ಹೇಳಿ, ಅದನ್ನು ನೋಡುತ್ತಾರೆಯೇ ಕೇಳಿ. ಸುಮ್ನೆ “ನೀರು ಪರೀಕ್ಷೆ” ಅಂತ ಕೊಟ್ಟರೆ ಅವರು ಹುಡುಕಿದ್ದು ಮಾತ್ರ ಸಿಗುತ್ತದೆ. ಕಳೆನಾಶಕಕ್ಕೆ ಕಂದು ಗಾಜಿನ ಬಾಟಲಿ, ಸುತ್ತ ಐಸು, ಒಂದು ದಿನದೊಳಗೆ ತಲುಪಬೇಕು.

ನೀರು ಹಿಡಿಯುವ ಹೊತ್ತು ಬಹಳ ಮುಖ್ಯ. ಮಳೆ ಬಂದು ಹಳ್ಳದ ನೀರು ಏರುತ್ತಿರುವಾಗಲೇ ಹಿಡಿಯಿರಿ. ಕಳೆನಾಶಕದ ಜೋರು ಕೆಲವೇ ತಾಸಿನಲ್ಲಿ ದಾಟಿಹೋಗುತ್ತದೆ. ನಾಲ್ಕು ದಿನದ ಮೇಲೆ ಹಿಡಿದು, ವರದಿಯಲ್ಲಿ ಏನೂ ಇಲ್ಲ ಅಂತ ಬಂದರೆ ಅದನ್ನು ನಂಬಿ ಕೂರಬೇಡಿ.

ರಿಪೇರಿ ಆದ ಮೇಲೆ ಮುಂದಿನ ದೊಡ್ಡ ಮಳೆಗೆ ಅದೇ ಕೂಡು ಜಾಗಗಳಲ್ಲಿ ಮತ್ತೆ ಬಾಟಲಿ ತುಂಬಿ, ಹಳೆಯದರ ಪಕ್ಕ ಇಡಿ. ನಮ್ಮ ಅಡುಗೆಮನೆ ಕಿಟಕಿಯಲ್ಲಿ ಈಗ ಎರಡು ಬಾಟಲಿ ಇವೆ. ಬದು ಕುಸಿದ ವರ್ಷದ್ದರ ತಳದಲ್ಲಿ ಎರಡು ಬೆರಳು ಕೆಸರು. ಹುಲ್ಲು ಹತ್ತಿದ ಮೇಲೆ, ಹಸ್ತಾ ಮಳೆಗೆ ಹಿಡಿದಿದ್ದರಲ್ಲಿ ಉಗುರಿನಷ್ಟು. ಆ ಉಗುರಿನಷ್ಟು ಎಲ್ಲಿಂದ ಬರುತ್ತಿದೆ ಅಂತ ಈ ಸಲ ಕಾಕಾನೂ ನಾನೂ ಮಳೆಯಲ್ಲಿ ನಡೆದು ನೋಡಬೇಕು.